ಮಗುವಿಲ್ಲದ ಬಾಣಂತಿಯ ಮನೆಗೆ ಯಾರು ಬರುತ್ತಾರೆ?

ಮಲೆನಾಡಿನಲ್ಲಿ ಬಸಿರು ಇಳಿದರೆ ಮನೆಯವರು ಊರಿಗೆ ಸಾರುವುದಿಲ್ಲ. ಸೂಲಗಿತ್ತಿಗೆ ಮಾತ್ರ ಹೇಳಲೇಬೇಕಿತ್ತು. ಒಂಟಿ ಮನೆಗಳ ಈ ಸೀಮೆಯಲ್ಲಿ ತೋಟ, ಹಳ್ಳ ದಾಟಿ ಬಂದ ಆಕೆ ಹಂಡೆಯ ಬಿಸಿನೀರು ಎರೆದು, ಬಾಣಂತಿಯ ಪಥ್ಯವನ್ನೇ ಮಾಡಿಸಿ ಹೋಗುತ್ತಿದ್ದಳು. ಹಾಗೆಂದು ಆ ಕಾಲವನ್ನು ಹೊಗಳುವಂತಿಲ್ಲ. ನಿಲ್ಲದ ರಕ್ತಸ್ರಾವಕ್ಕೆ, ನಂಜಿಗೆ ಆಕೆಯ ಬಳಿ ಮದ್ದಿರಲಿಲ್ಲ. ಸೊಳ್ಳೆ ಕೊಲ್ಲುವ ಡಿಡಿಟಿ ಬರುವವರೆಗೆ ಮಲೇರಿಯಾ ಬೇರೆ. ಬಸುರಿಗೆ ಆ ಜ್ವರ ಹತ್ತಿದರೆ ಗರ್ಭ ಉಳಿಯುವುದೇ ಕಷ್ಟ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಅದರೊಡನೆ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಬಂದವು. ಹೆರಿಗೆ ಆಸ್ಪತ್ರೆಗೆ ಸ್ಥಳಾಂತರವಾಯಿತು, ಜೀವಗಳು ಉಳಿದವು. ಆದರೂ ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಲಾಂಚ್ ನಂಬಿಕೊಂಡೇ ಬದುಕಿದರು. ರಾತ್ರಿ ರಕ್ತ ಹೋಗತೊಡಗಿದರೆ ಸಾಗರದ ಆಸ್ಪತ್ರೆ ಎಷ್ಟು ದೂರ ಎಂಬುದು ಅವರಿಗೇ ಗೊತ್ತು.

ಹೊಸ ವ್ಯವಸ್ಥೆಯ ಲೆಕ್ಕವೆಲ್ಲ ಹುಟ್ಟಿದ ಮಗುವಿನ ಸುತ್ತ. 2011ರ ನವಜಾತ ಶಿಶು ಆರೈಕೆ ಕಾರ್ಯಕ್ರಮದಂತೆ, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 6 ಸಲ ಹೋಗಬೇಕು. ಆ ಭೇಟಿಗಳು ಶಿಶುವಿನ ಹೆಸರಿನವು. ತೊಟ್ಟಿಲು ಬರಿದಾದ ಮನೆಗೆ ಹೋಗುವುದು ಆಕೆಯ ಒಳ್ಳೆಯತನಕ್ಕೆ ಬಿಟ್ಟದ್ದು.

ವಾರ್ಡಿನಲ್ಲಿಯೂ ಬಹುಪಾಲು ಹಾಗೆಯೇ. ತಿಳಿದ ನರ್ಸ್ ಮೊದಲು ಅತ್ತೆಯ ಎದುರೇ ಹೇಳುತ್ತಾಳೆ: ಗೊತ್ತಾದ ಬಸಿರುಗಳಲ್ಲಿ 100ಕ್ಕೆ 10ರಿಂದ 15 ನಿಲ್ಲುವುದಿಲ್ಲ, ಮೊದಲ ಮೂರು ತಿಂಗಳಲ್ಲಿ ಹೋದವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ದೋಷವೇ ಕಾರಣ, ಕೊಡ ಹೊತ್ತದ್ದಕ್ಕೂ ಬಸ್ಸಿನಲ್ಲಿ ಕುಲುಕಿದ್ದಕ್ಕೂ ಸೊಸೆಯನ್ನು ದೂರಬೇಡಿ. ಈ ಒಂದು ಮಾತಿನ ಬೆಲೆ ಯಾವ ಮಾತ್ರೆಗೂ ಕಡಿಮೆಯಲ್ಲ ಎಂದು ನನ್ನ ಎಣಿಕೆ. ದಿನ ತುಂಬುತ್ತ ಬಂದು ಕೂಸು ಹೋಗಿದ್ದರೆ ಎದೆಹಾಲು ಇಳಿಯುತ್ತದೆ. ಯಾರೂ ಮುಂಚೆ ತಿಳಿಸದಿದ್ದರೆ, ಮನೆ ಸೇರಿದ ಮೇಲೆ ರವಿಕೆ ಒದ್ದೆಯಾದಾಗ ತಾಯಿ ಕುಸಿದುಹೋಗುತ್ತಾಳೆ. ತಾಯಿಯದು ನೆಗೆಟಿವ್ ರಕ್ತದ ಗುಂಪಾಗಿದ್ದರೆ 72 ಗಂಟೆಯೊಳಗೆ, ಮುಂದಿನ ಬಸಿರನ್ನು ಕಾಯುವ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂಬುದನ್ನೂ ನೋಡಬೇಕು.

ಸತ್ತು ಹುಟ್ಟಿದ ಮಗುವನ್ನು ತಾಯಿಗೆ ತೋರಿಸದೆ ಒಯ್ಯುವುದು ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿಯೂ ರೂಢಿ. 1978ರಲ್ಲಿ ಅಲ್ಲಿ ಇಂಥ ತಂದೆತಾಯಿಯರ ಸಂಘವೇ ಹುಟ್ಟಿತು. ನೋಡುತ್ತೀರಾ ಎಂದು ಕೇಳುವುದು, ಒತ್ತಾಯಿಸದಿರುವುದು ಈಗಿನ ನಡೆ.

ಗಂಡನ ಪಾಡು ಬೇರೆ. ರಕ್ತ ಹೊಂದಿಸು, ಸಹಿ ಹಾಕು, ಗಾಡಿ ಕರೆ ಎಂದೇ ಅವನೊಡನೆ ಮಾತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಆರೈಕೆ ಸುಧಾರಿಸಲು ಬಂದ 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಜೊತೆಗಾರರಿರಲಿ ಎಂದಿತು. ಒಳಗೆ ಹೋಗುವವರು ಸಾಮಾನ್ಯವಾಗಿ ಅಮ್ಮ ಇಲ್ಲವೇ ಅತ್ತೆ.

ಗರ್ಭಪಾತಕ್ಕೆ 6 ವಾರ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೆ. ಕಾಫಿ ಪ್ಲಾಂಟೇಶನ್‌ಗಳೂ ಅದರ ವ್ಯಾಪ್ತಿಯಲ್ಲಿವೆ. ಮನೆಮನೆಯ ಅಂಗಳದಲ್ಲಿ ದಿನಗೂಲಿಗೆ ಅಡಿಕೆ ಸುಲಿಯುವವಳಿಗೆ ಆ ರಜೆ ಕೊಡಬೇಕಾದವರು ಯಾರೂ ಇಲ್ಲ. ನರ್ಸಮ್ಮನೋ ಆಶಾಳೋ ಬಂದು, ಇವಳಿಗೆ ಸ್ವಲ್ಪ ದಿನ ಭಾರದ ಕೆಲಸ ಹೇಳಬೇಡಿ ಎಂದರೆ ಸಿಗುವ ಬಿಡುವಷ್ಟೇ ಅವಳದು.