ಸುಂಡಿಲಿ ಸುಮ್ಮನಿದ್ದರೆ ನೋವು ಹೋಯಿತು ಅಂತಲ್ಲ

ಮಂಗಳೂರಿನ ಧಕ್ಕೆಯಲ್ಲಿ ನಾನು ಯಾವಾಗಲೂ ಮೀನು ತೆಗೆದುಕೊಳ್ಳುವ ಅಕ್ಕನಿಗೆ ಮೊಣಗಂಟು ನೋವು. ನಾನು ಫಾರ್ಮಸಿ ಮಕ್ಕಳಿಗೆ ಔಷಧಶಾಸ್ತ್ರ ಕಲಿಸುವವನು ಅಂತ ಅವರಿಗೆ ಗೊತ್ತು. "ಹೊಸ ನೋವಿನ ಮದ್ದು ಕಂಡುಹಿಡಿದಿದ್ದಾರಂತೆ, ಮೆಡಿಕಲಿನಲ್ಲಿ ಯಾವಾಗ ಸಿಗುವುದು ಸರ್?" ಎಂದು ಕೇಳಿದರು. ಅಂಥ ಸುದ್ದಿ ಎಷ್ಟೋ ಸಲ ಹೊರಡುವುದು ನಮ್ಮಂಥ ಲ್ಯಾಬಿನ ಇಲಿ ಗೂಡಿನಿಂದ. ಅಲ್ಲಿಂದ ಮೆಡಿಕಲಿಗೆ ತುಂಬಾ ದೂರ ಉಂಟು.

ಊತಕ್ಕೆ ನಾವು ಮಾಡುವುದು 1962ರಿಂದ ನಡೆದುಬಂದ ಪರೀಕ್ಷೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್, ಐಸ್‌ಕ್ರೀಮಿಗೂ ಹಾಕುತ್ತಾರಲ್ಲ, ಅದನ್ನು ಬಿಳಿ ಇಲಿಯ ಹಿಂಗಾಲಿನ ಪಾದಕ್ಕೆ 0.1 ಮಿ.ಲೀ. ಚುಚ್ಚುತ್ತೇವೆ. ಮೂರು-ನಾಲ್ಕು ಗಂಟೆಯಲ್ಲಿ ಪಾದ ಚೆನ್ನಾಗಿ ಬಾತುಕೊಳ್ಳುತ್ತದೆ. ದ್ರವ ತುಂಬಿದ ಕೊಳವೆಯಲ್ಲಿ ಪಾದ ಅದ್ದಿದಾಗ ದ್ರವ ಎಷ್ಟು ಮೇಲೇರಿತೋ ಅದೇ ಊತದ ಲೆಕ್ಕ. ಕಾಂಪೌಂಡ್, ಅಂದರೆ ಮದ್ದಾಗಬಹುದೇ ಎಂದು ನಾವು ಪರೀಕ್ಷಿಸುವ ಹೊಸ ರಾಸಾಯನಿಕ, ಕೊಟ್ಟ ಇಲಿಗಳನ್ನು ಊತ ಇಳಿಸುವ ಹಳೆಯ ಮದ್ದಾದ ಇಂಡೋಮೆಥಾಸಿನ್ ಕೊಟ್ಟವುಗಳ ಜೊತೆ, ಮದ್ದೇ ಕೊಡದವುಗಳ ಜೊತೆ ಹೋಲಿಸುತ್ತೇವೆ.

ನೋವು ಹಾಗಲ್ಲ. ಇಲಿ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಸುಂಡಿಲಿಯ ಹೊಟ್ಟೆಗೆ ತೆಳುವಾದ ಅಸಿಟಿಕ್ ಆಮ್ಲ ಚುಚ್ಚಿ, ಅದು ಎಷ್ಟು ಸಲ ಹೊಟ್ಟೆ ಹಿಂಡಿಕೊಂಡು ಹಿಂಗಾಲು ಚಾಚುತ್ತದೆ ಎಂದು ಎಣಿಸುತ್ತೇವೆ. ನೋಡುವುದು ಕಷ್ಟ. ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅಷ್ಟಾದ ಮೇಲೆ ಲೆಕ್ಕ ತಪ್ಪಿದರೆ ಆ ಜೀವಕ್ಕೆ ಕೊಟ್ಟ ನೋವು ಸುಮ್ನೆ ಹಾಳು.

ನಮ್ಮ ಎಂ.ಫಾರ್ಮ್ ವಿದ್ಯಾರ್ಥಿನಿಯೊಬ್ಬಳ ಎಂಟು ಕಾಂಪೌಂಡುಗಳಲ್ಲಿ ಆರನೆಯದು ಈ ಹಿಂಡುವಿಕೆಯನ್ನು ಹೆಚ್ಚುಕಮ್ಮಿ ನಿಲ್ಲಿಸಿಯೇ ಬಿಟ್ಟಿತು. ಖುಷಿಯಿಂದ ಓಡಿ ಬಂದಳು. ಹೋಗಿ ನೋಡಿದೆ. ಸುಂಡಿಲಿ ಪೆಟ್ಟಿಗೆಯ ಮೂಲೆಗೆ ಒರಗಿತ್ತು, ಕಣ್ಣು ಅರೆಮುಚ್ಚಿತ್ತು, ಗಾಜು ತಟ್ಟಿದರೂ ಮೂತಿ ಎತ್ತಲಿಲ್ಲ. ಮರುದಿನ ಬೇರೆ ಸುಂಡಿಲಿಗಳಿಗೆ ಆಮ್ಲವಿಲ್ಲದೆ ಬರೀ ಕಾಂಪೌಂಡ್ ಕೊಟ್ಟು ರೋಟಾರಾಡ್ ಮೇಲೆ, ಅಂದರೆ ತಿರುಗುವ ಸರಳಿನ ಮೇಲೆ, ನಿಲ್ಲಿಸಿದೆವು. ಒಂದೂ ನಿಲ್ಲಲಿಲ್ಲ, ಪಟಪಟ ಬಿದ್ದವು. ಅದು ಮಂಪರು. ನೋವು ಹೋಯಿತೋ ಇಲ್ಲವೋ ಅಂತ ಹೇಳಲಿಕ್ಕೇ ಬರುವುದಿಲ್ಲ. ಬಿಸಿ ತಾಗಿ ಇಲಿ ಎಷ್ಟು ಹೊತ್ತಿಗೆ ಕಾಲು ನೆಕ್ಕುತ್ತದೆ, ಹಾರುತ್ತದೆ ಎಂದು ನೋಡುವ 55 ಡಿಗ್ರಿಯ ಬಿಸಿ ತಟ್ಟೆಯ ಪರೀಕ್ಷೆಯೂ ಇಲ್ಲಿ ಮೋಸ ಮಾಡುತ್ತದೆ, ಮಂಪರಿನಲ್ಲಿರುವ ಇಲಿ ಕಾಲು ನೆಕ್ಕುವುದೂ ನಿಧಾನ, ಹಾರುವುದೂ ನಿಧಾನ.

ಇದೆಲ್ಲ ದಾಟಿದರೂ ಹೊಟ್ಟೆ ನೋಡಬೇಕು. ಆಸ್ಪಿರಿನ್ ನಮ್ಮ ಮೈಯಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವಿನ ತಯಾರಿಯನ್ನು ತಡೆಯುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ನೋವು ಜಾಸ್ತಿ ಮಾಡುವ ಅದೇ ವಸ್ತು ಜಠರದ ಒಳಪದರವನ್ನೂ ಕಾಯುತ್ತದೆ. ನಸುಕಿಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಧಕ್ಕೆಗೆ ಬರುವ ಅಕ್ಕನಿಗೆ ನಾನು ಹೇಳಿದ್ದೂ ಇದನ್ನೇ, ಮೊದಲು ಡಾಕ್ಟರಿಗೆ ತೋರಿಸಿ ಅಂತ. ಹೊಟ್ಟೆಗೆ ತೊಂದರೆ ಕಡಿಮೆ ಎಂದು 1999ರಲ್ಲಿ ಬಂದ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಹೃದಯಾಘಾತದ ಅಪಾಯ ಕಂಡು 2004ರಲ್ಲಿ ವಾಪಸಾಯಿತು. ಅದು ಮನುಷ್ಯರ ಮೇಲಿನ ಪರೀಕ್ಷೆಗಳನ್ನೂ ಪಾಸಾಗಿ ಬಂದ ಮದ್ದು.

ಆರನೆಯ ಕಾಂಪೌಂಡನ್ನು ಥೀಸಿಸ್‌ನಿಂದ ತೆಗೆದುಬಿಡಲಾ ಎಂದು ಆ ಹುಡುಗಿ ಸಣ್ಣ ಮುಖ ಮಾಡಿ ಕೇಳಿದಳು. ಬೇಡ ಮಗಾ, ಯಾವ ಸುಂಡಿಲಿ ಎಷ್ಟು ಸೆಕೆಂಡಿಗೆ ಸರಳಿನಿಂದ ಬಿತ್ತು ಎಂಬ ಪಟ್ಟಿಯನ್ನೂ ಸೇರಿಸು ಎಂದೆ.