ಹೃದಯದ ಗೋಡೆ ಅಲುಗಿದರೆ ಸಾಲದು, ದಪ್ಪವಾಗಬೇಕು

ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಾದ ಎಕೋದ ವರದಿಯನ್ನು ಕೈಯಲ್ಲಿ ಹಿಡಿದು ಬರುವವರು ಹೆಚ್ಚಾಗಿ ಒಂದೇ ಸಂಖ್ಯೆಗೆ ಬೆರಳಿಟ್ಟು ಕೇಳುತ್ತಾರೆ: "ಡಾಕ್ಟ್ರೇ, ಪಂಪಿಂಗ್ 58 ಇದೆಯಲ್ಲ, ಇನ್ನೇನೂ ತೊಂದರೆ ಇಲ್ಲ ತಾನೇ?" ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದ ಶೇಕಡ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಹೋಯಿತು ಎಂಬುದೇ ಆ ಸಂಖ್ಯೆ. ಅದು ಇಡೀ ಕೋಣೆಯ ಒಟ್ಟು ಲೆಕ್ಕ. ಯಾವ ಗೋಡೆ ದುಡಿಯಿತು, ಯಾವುದು ಸುಮ್ಮನಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಒಂದು ಎತ್ತು ಸೋತಾಗ ಜೊತೆಯ ಎತ್ತು ಹೆಚ್ಚು ಎಳೆದು ಗಾಡಿಯನ್ನು ಮುಂದೆ ಸಾಗಿಸುವಂತೆ, ಹೃದಯದ ಒಂದು ಭಾಗ ಕೈಬಿಟ್ಟಾಗ ಉಳಿದ ಭಾಗಗಳು ಜೋರಾಗಿ ಸಂಕುಚಿಸಿ ಒಟ್ಟು ಲೆಕ್ಕವನ್ನು ಸರಿದೂಗಿಸುತ್ತವೆ. ಆದ್ದರಿಂದ ನಾನು ವರದಿಯಲ್ಲಿ ಮೊದಲು ಹುಡುಕುವುದು 'ಆರ್‌ಡಬ್ಲ್ಯುಎಂಎ' ಎಂಬ ಸಾಲನ್ನು, ಅಂದರೆ ಗೋಡೆಯ ಯಾವುದಾದರೂ ಒಂದು ಭಾಗದ ಚಲನೆಯಲ್ಲಿ ದೋಷವಿದೆಯೇ ಎಂಬುದನ್ನು.

ರಕ್ತ ಸಿಗದ ಸ್ನಾಯು ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಅಮೆರಿಕದ ಟೆನಂಟ್ ಮತ್ತು ವಿಗ್ಗರ್ಸ್ 1935ರಲ್ಲಿಯೇ ನಾಯಿಗಳ ಹೃದಯದ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ರಕ್ತನಾಳವನ್ನು ಮುಚ್ಚಿದ ಒಂದು ನಿಮಿಷದೊಳಗೆ ಆ ಭಾಗ ಸಂಕುಚಿಸುವುದನ್ನು ಬಿಟ್ಟು, ಉಳಿದ ಹೃದಯ ಹಿಂಡಿದಾಗ ಹೊರಕ್ಕೆ ಉಬ್ಬತೊಡಗಿತು. ಸಾಮಾನ್ಯವಾಗಿ ಇಸಿಜಿ ಬದಲಾಗುವುದಕ್ಕೂ ಎದೆನೋವು ಕಾಣಿಸಿಕೊಳ್ಳುವುದಕ್ಕೂ ಮೊದಲೇ ಗೋಡೆ ಸುಳಿವು ಕೊಡುತ್ತದೆ.

ಆ ಸುಳಿವನ್ನು ಎಲ್ಲರೂ ಒಂದೇ ಭಾಷೆಯಲ್ಲಿ ದಾಖಲಿಸಲು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2002ರಲ್ಲಿ ಎಡ ಹೃತ್ಕುಕ್ಷಿಯನ್ನು 17 ಸೆಗ್ಮೆಂಟ್‌ಗಳಾಗಿ ಹಂಚಿತು: ಬುಡದಲ್ಲಿ 6, ನಡುವೆ 6, ತುದಿಯತ್ತ 4, ತೀರಾ ತುದಿಯ ಟೋಪಿಯಂಥ ಭಾಗ 1. ಚಲನೆಗೆ ಅಂಕ ಕೊಡುವಾಗ ಆ ಟೋಪಿಯನ್ನು ಬಿಟ್ಟು 16ನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಸರಿಯಾಗಿ ಸಂಕುಚಿಸುವ ಸೆಗ್ಮೆಂಟ್‌ಗೆ 1, ಮಂದವಾದುದಕ್ಕೆ 2, ನಿಂತೇ ಹೋದುದಕ್ಕೆ 3, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ ಉಳಿದವು ಒಳಕ್ಕೆ ಬರುವಾಗ ಹೊರಕ್ಕೆ ಹೋಗುವುದಕ್ಕೆ 4. ಎರಡು ಸೆಗ್ಮೆಂಟ್ ಮಂದವಾಗಿ, ಒಂದು ನಿಂತಿದ್ದರೆ ಮೊತ್ತ 20 ಆಗುತ್ತದೆ. 16ರಿಂದ ಭಾಗಿಸಿದಾಗ ಬರುವ 1.25 ಆ ಹೃದಯದ ಸೂಚ್ಯಂಕ.

ಅಂಕ ಹಾಕುವುದು ಸುಲಭ, ನೋಡುವುದು ಕಷ್ಟ. ನಾಲ್ವರು ಜಮಖಾನೆಯ ನಾಲ್ಕು ಮೂಲೆ ಹಿಡಿದು ಕೊಡವುವಾಗ ಒಬ್ಬನ ಕೈ ಸೋತಿದ್ದರೂ ಅವನ ಮೂಲೆ ಅಲುಗುತ್ತಲೇ ಇರುತ್ತದೆ. ಹಾಗೆಯೇ ಸತ್ತ ಸ್ನಾಯುವನ್ನು ಪಕ್ಕದ ಜೀವಂತ ಸ್ನಾಯು ಎಳೆದಾಡುತ್ತದೆ. ಇನ್ನೊಂದೆಡೆ, ಕುಗ್ಗಿಹೋದ ಪಕ್ಕದ ಭಾಗ ಆರೋಗ್ಯವಂತ ಸ್ನಾಯುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದರ ಜೊತೆಗೆ ಪ್ರತಿ ಬಡಿತಕ್ಕೂ ಇಡೀ ಹೃದಯವೇ ಎದೆಯೊಳಗೆ ಸರಿದು ತಿರುಚಿಕೊಳ್ಳುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರವೂ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ದಾರಿಯಲ್ಲಿನ ತಡೆ) ಇದ್ದಾಗಲೂ ಎಡ-ಬಲ ಹೃತ್ಕುಕ್ಷಿಗಳ ನಡುಗೋಡೆ ವಿಚಿತ್ರವಾಗಿ ಚಲಿಸುತ್ತದೆ, ಆದರೆ ಅಲ್ಲಿ ರಕ್ತನಾಳ ಮುಚ್ಚಿರಬೇಕೆಂದಿಲ್ಲ. ಈ ಕಾರಣಕ್ಕೆ ನಾನು ಕಿರಿಯ ವೈದ್ಯರಿಗೆ ಮತ್ತೆ ಮತ್ತೆ ಹೇಳುವುದಿಷ್ಟು: ಗೋಡೆ ಎಷ್ಟು ದೂರ ಬಂತು ಎಂದು ನೋಡಬೇಡಿ, ಎಷ್ಟು ದಪ್ಪವಾಯಿತು ಎಂದು ನೋಡಿ. ಬಿಡುವಿನಲ್ಲಿ 9 ಮಿಲಿಮೀಟರ್ ಇದ್ದ ಗೋಡೆ ಸಂಕುಚಿಸಿದಾಗ 13 ಆಗಬೇಕು. ಸ್ನಾಯು ತಾನೇ ದುಡಿಯದೆ ದಪ್ಪವಾಗದು. ಗೋಡೆಯ ಒಳಗೆರೆಯೇ ಸ್ಪಷ್ಟವಾಗಿ ಕಾಣದ ಚಿತ್ರದ ಮೇಲೆ 'ದೋಷವಿಲ್ಲ' ಎಂದು ಬರೆಯುವ ಅಭ್ಯಾಸ ನನಗೆ ನಿಜಕ್ಕೂ ನೋವು ತರುತ್ತದೆ; ಕಾಣದ ಸೆಗ್ಮೆಂಟ್‌ಗೆ 'ಕಾಣಲಿಲ್ಲ' ಎಂದೇ ಬರೆಯಬೇಕು.

ಈಗ ಎಕೋ ಚಿತ್ರದಲ್ಲಿನ ಸಣ್ಣ ಚುಕ್ಕೆಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸಿ, ಸ್ನಾಯು ಶೇಕಡ ಎಷ್ಟು ಗಿಡ್ಡವಾಯಿತು ಎಂದು ಹೇಳುವ ಸ್ಟ್ರೇನ್ ವಿಧಾನ ಬಂದಿದೆ. ಉದ್ದಳತೆಯ ಒಟ್ಟು ಸ್ಟ್ರೇನ್ ಆರೋಗ್ಯವಂತರಲ್ಲಿ ಸುಮಾರು ಶೇಕಡ ಮೈನಸ್ 20 ಇರುತ್ತದೆ; ಗಿಡ್ಡವಾಗುವುದನ್ನು ಮೈನಸ್‌ನಲ್ಲಿ ಬರೆಯುತ್ತಾರೆ. ಈ ಒಟ್ಟು ಸಂಖ್ಯೆಯನ್ನು ನಾನು ನಂಬುತ್ತೇನೆ. ಒಂದೊಂದೇ ಸೆಗ್ಮೆಂಟ್‌ನ ಸಂಖ್ಯೆಯಾದರೋ ಯಂತ್ರದಿಂದ ಯಂತ್ರಕ್ಕೆ, ಚಿತ್ರದಿಂದ ಚಿತ್ರಕ್ಕೆ ಸಾಕಷ್ಟು ಬದಲಾಗುವುದರಿಂದ ಅದನ್ನು ಕಣ್ಣಿನ ಸಾಕ್ಷಿಯ ಜೊತೆಗಿಟ್ಟೇ ಓದುತ್ತೇನೆ.

ಐವತ್ತು ದಾಟಿದ ಒಬ್ಬರು ಒಂದು ರಾತ್ರಿ ಎದೆಯುರಿ ಎಂದು ಬಂದರು. ಇಸಿಜಿ ಬಹುತೇಕ ಸರಿಯಾಗಿತ್ತು, ಪಂಪಿಂಗ್ 55. ಹೃತ್ಕುಕ್ಷಿಯನ್ನು ಅಡ್ಡಲಾಗಿ ಕೊಯ್ದಂತೆ ಕಾಣುವ ದುಂಡನೆಯ ಚಿತ್ರವನ್ನು ಗಡಿಯಾರದ ಮುಖವೆಂದುಕೊಂಡರೆ, 4 ಮತ್ತು 5 ಗಂಟೆಯ ನಡುವಿನ ಗೋಡೆ ಪಕ್ಕದವುಗಳ ಜೊತೆ ತುಸು ಅಲುಗುತ್ತಿತ್ತು. ಚಿತ್ರವನ್ನು ನಿಲ್ಲಿಸಿ ಅಳೆದೆ: ಬಿಡುವಿನಲ್ಲಿ 9, ಸಂಕುಚನದಲ್ಲೂ 9. ಅದು ಹೆಚ್ಚಾಗಿ ಹೃದಯಕ್ಕೆ ರಕ್ತ ಒದಗಿಸುವ ನಾಳಗಳಲ್ಲಿ ಒಂದಾದ ಸರ್ಕಂಫ್ಲೆಕ್ಸ್ ರಕ್ತನಾಳದ ಸೀಮೆ. ಅದು ಮುಚ್ಚಿದಾಗ ಇಸಿಜಿ ಸುಮ್ಮನಿರುವುದು ಅಪರೂಪವಲ್ಲ. ಆಂಜಿಯೋಗ್ರಾಂನಲ್ಲಿ ಆ ನಾಳ ಪೂರ್ತಿ ಮುಚ್ಚಿತ್ತು. ಅದೇ ರಾತ್ರಿ ತೆರೆಯಲಾಯಿತು. ಗೋಡೆ ತೆಳುವಾಗಿ 6 ಮಿಲಿಮೀಟರ್‌ಗಿಂತ ಕೆಳಗೆ ಇಳಿದಿದ್ದರೆ ಅದು ಹಳೆಯ ಗಾಯದ ಕಲೆಯಾಗಿರುವ ಸಾಧ್ಯತೆಯೇ ಹೆಚ್ಚಿರುತ್ತಿತ್ತು. ಇಲ್ಲಿ ದಪ್ಪ ಉಳಿದಿದ್ದುದರಿಂದ ಚೇತರಿಕೆಯ ಆಸೆಯಿತ್ತು. ಆರು ವಾರಗಳ ನಂತರ ಅದೇ ಕೋನದಲ್ಲಿ, ಅದೇ ಜಾಗದಲ್ಲಿ ಮತ್ತೆ ಅಳೆದಾಗ 9 ಇದ್ದ ಗೋಡೆ 12 ಆಗುತ್ತಿತ್ತು. ಪಂಪಿಂಗ್ ಮಾತ್ರ 55 ಇದ್ದದ್ದು 57 ಆಗಿತ್ತು, ಅಷ್ಟೇ.