ಹೈಪರ್‌ಬಾರಿಕ್ ಆಕ್ಸಿಜನ್: ಕರೆಂಟ್‌ನಿಂದ ಬಳಲಿದ ಧ್ವನಿಪೆಟ್ಟಿಗೆಗೆ ಒತ್ತಡದ ಉಸಿರು

“ಕರೆಂಟ್ ಕೊಟ್ಟು ಎರಡು ವರ್ಷ ಆಯ್ತು. ಈಗ್ಯಾಕೆ ಗಂಟಲು ಕಟ್ತದೆ?”

ಗಂಟಲ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದವರು ಕೇಳುವ ಪ್ರಶ್ನೆ ಇದು. ನಮ್ಮ ಕಡೆ ರೇಡಿಯೇಷನ್ ಅಂದರೆ ಕರೆಂಟ್ ತಾನೇ? ಆ ಕಿರಣ ಕ್ಯಾನ್ಸರನ್ನು ಸುಡುತ್ತದೆ. ಜೊತೆಗೆ ಸುತ್ತಲಿನ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಅವು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಮುಚ್ಚಿಹೋಗುತ್ತವೆ. ಧ್ವನಿಪೆಟ್ಟಿಗೆಯ ಮೃದು ಮೂಳೆಗೆ ಸ್ವಂತ ರಕ್ತನಾಳವೇ ಇಲ್ಲ. ಮೇಲಿನ ತೆಳು ಪೊರೆಯೇ ಅದಕ್ಕೆ ಆಧಾರ. ಪೊರೆಗೆ ರಕ್ತ ಬರುವುದು ನಿಂತರೆ ಮೂಳೆ ಸಾಯತೊಡಗುತ್ತದೆ. ದನಿ ಒಡೆಯುತ್ತದೆ, ನುಂಗಿದರೆ ನೋವು, ಬಾಯಿಂದ ಕೆಟ್ಟ ವಾಸನೆ. ಇದು ರೇಡಿಯೋನೆಕ್ರೋಸಿಸ್. ಅಪರೂಪ, ಆದರೆ ಶೀತ ಅಂತ ಸುಮ್ನೆ ಬಿಡುವಂಥದ್ದಲ್ಲ.

ಇದಕ್ಕಿರುವ ಒಂದು ಚಿಕಿತ್ಸೆಯೇ ಹೈಪರ್‌ಬಾರಿಕ್ ಆಕ್ಸಿಜನ್. ಹೈಪರ್ ಎಂದರೆ ಹೆಚ್ಚು, ಬಾರಿಕ್ ಎಂದರೆ ಒತ್ತಡದ್ದು. ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡವನ್ನು ಮಾಮೂಲಿಗಿಂತ 2ರಿಂದ 2.5 ಪಟ್ಟು ಏರಿಸಿ, ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ನೇತ್ರಾಣಿಯಲ್ಲಿ ಡೈವಿಂಗ್ ಮಾಡುವವರು 10-15 ಮೀಟರ್ ಆಳದಲ್ಲಿ ಕಾಣುವ ಒತ್ತಡವೇ ಇದು. ಆಳದಿಂದ ಬೇಗ ಮೇಲೆ ಬಂದಾಗ ಕಾಡುವ ಮುಳುಗುಗಾರರ ಕಾಯಿಲೆಗೂ ಇದೇ ಕೋಣೆ ಬಳಸುತ್ತಾರೆ.

ಒತ್ತಡ ಯಾಕೆ ಬೇಕು? ನಮ್ಮ ಕೆಂಪು ರಕ್ತಕಣಗಳು ಮೊದಲೇ ಆಕ್ಸಿಜನ್‌ನಿಂದ ತುಂಬಿರುತ್ತವೆ, ಜಾಸ್ತಿ ಹೊರಲಾರವು. ಗೋಲಿಸೋಡಾದಲ್ಲಿ ಗ್ಯಾಸ್ ಒತ್ತಿ ಕರಗಿಸಿದ ಹಾಗೆ, ಇಲ್ಲಿ ಆಕ್ಸಿಜನ್ ರಕ್ತದ ನೀರಿನಂಶದಲ್ಲೇ ಕರಗುತ್ತದೆ. ನಾಳ ಕಡಿಮೆಯಿದ್ದ ಜಾಗಕ್ಕೂ ಇಂಗುತ್ತದೆ. ದಿನ ಕಳೆದಂತೆ ಹೊಸ ನಾಳಗಳು ಚಿಗುರುತ್ತವೆ. ಚಿಗುರಲು ಸಮಯ ಬೇಕಲ್ವಾ? ಅದಕ್ಕೇ ಒಮ್ಮೆಗೆ ಸುಮಾರು 90 ನಿಮಿಷದಂತೆ 30-40 ಸಲ ಕೂರಬೇಕಾಗುತ್ತದೆ. ವಾರಕ್ಕೆ ಐದು ದಿನ ಅಂದರೂ ಆರೆಂಟು ವಾರ. ಊರಿಂದ ಹೊರಡುವ ಮುಂಚೆ ಉಳಿಯುವ ವ್ಯವಸ್ಥೆ ನೋಡಿಕೊಳ್ಳಿ.

ದೇವಿಮನೆ ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಕೋಣೆಯಲ್ಲೂ ಹಾಗೇ ಆಗುತ್ತದೆ. ಬಸ್ಸಿನಲ್ಲಿ ಉಗುಳು ನುಂಗಿದರೆ ಸರಿಹೋಗುತ್ತದೆ. ಗಂಟಲು ನೋವಿದ್ದವರಿಗೆ ನುಂಗುವುದೇ ಕಷ್ಟ, ಹಾಗಾಗಿ ಮೊದಲೇ ಹೇಳಿಬಿಡಿ.

ಇದು ಕ್ಯಾನ್ಸರ್‌ಗೆ ಮದ್ದಲ್ಲ. ಕ್ಯಾನ್ಸರ್ ಮರಳಿಲ್ಲ ಎಂದು ಮೊದಲು ನೋಡಲೇಬೇಕು. ಪೂರ್ತಿ ಸತ್ತ ಮೂಳೆ ಮತ್ತೆ ಜೀವ ಪಡೆಯುವುದಿಲ್ಲ. ಎಲ್ಲರಿಗೂ ಫಲ ಸಿಗುತ್ತದೆ ಎನ್ನಲಾಗದು, ಆದರೆ ಧ್ವನಿಪೆಟ್ಟಿಗೆ ಉಳಿಸಿಕೊಂಡವರಿದ್ದಾರೆ. ಬೀಡಿ, ತಂಬಾಕು ಹಾಕಿದ ಕವಳ ಎರಡೂ ಬಿಡಲೇಬೇಕು. ಇರುವ ನಾಳವನ್ನೂ ನಿಕೋಟಿನ್ ಬಿಗಿಸುತ್ತದೆ.

ಉಸಿರೆಳೆದಾಗ ಸೀಟಿಯಂಥ ಸದ್ದು ಬಂದರೆ ಕೋಣೆಯ ಸರದಿಗೆ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.